ಗೇಟು ತೆರೆದ ಮೇಲೆ

“ಸಾಲಿನಲ್ಲಿ ನಿಂತವನಿಗೆ ಕೊನೆಗೆ ಏನು ಸಿಗುತ್ತದೆ, ಬುದ್ಧಿ?” ಎಂದು ಕರಿಬಸವ ಗುರುಗಳನ್ನು ಕೇಳಿದ.

ಕರಿಬಸವ ಮಠದ ಶಿಷ್ಯ. ಓದಿನ ಜೊತೆಗೆ ಮಠದ ಜೀಪನ್ನೂ ಓಡಿಸುತ್ತಿದ್ದ. ಆ ದಿನ ವಿದ್ಯಾರ್ಥಿನಿಲಯದ ಅಡುಗೆಗೆ ಗ್ಯಾಸ್ ಸಿಲಿಂಡರ್ ತರಲು ಬೆಳಿಗ್ಗೆ ಪೇಟೆಗೆ ಹೋದವನು ಮಧ್ಯಾಹ್ನ ಕಳೆದ ಮೇಲೆ ಬಂದಿದ್ದ. ಹುಡುಗರ ಊಟ ಮೂರು ಗಂಟೆಗಾಯಿತು. ಅಡುಗೆಯ ಮರುಳಯ್ಯ ಎಲ್ಲರೆದುರಿಗೆ, “ಬಂದ್ರು ನೋಡ್ರಪ್ಪ, ಸಾಲಿನ ಸ್ವಾಮಿಗಳು. ಪಾದಕ್ಕೆ ನೀರು ಕೊಡಿ,” ಎಂದಿದ್ದ. ಹಸಿದ ಹುಡುಗರೂ ನಕ್ಕಿದ್ದರು.

ಗುರುಗಳು ಓದುತ್ತಿದ್ದ ಪುಸ್ತಕವನ್ನು ಮಗುಚಿಟ್ಟರು. “ಪೇಟೆಯಲ್ಲಿ ಏನಾಯಿತು?” ಎಂದರು.

“ಏನೂ ಆಗಲಿಲ್ಲ ಬುದ್ಧಿ, ಅದೇ ಕಷ್ಟ. ಸರ್ಕಲ್‌ನಲ್ಲಿ ನಾನು ಎಡಕ್ಕೆ ನಿಂತೆ. ಬಲಗಡೆಯಿಂದ ಒಂದಷ್ಟು ಗಾಡಿ ಹೋದವು. ಎಡಗಡೆ ಚರಂಡಿ ಕಲ್ಲಿನ ಮೇಲೆ ಇನ್ನೊಂದಷ್ಟು ಹೋದವು. ಒಬ್ಬನಿಗೂ ಇಂಡಿಕೇಟರ್ ಇಲ್ಲ. ಇದ್ದ ಒಬ್ಬನದು ಹಿಂದಿನ ಊರಿಂದಲೇ ಮಿಣುಕುತ್ತಾ ಬಂದಿತ್ತು. ಅವನು ಯಾವ ಕಡೆಗೂ ತಿರುಗಲಿಲ್ಲ. ಇನ್ನೊಬ್ಬ ನಡುರಸ್ತೆಯಲ್ಲಿ ಬೈಕ್ ನಿಲ್ಲಿಸಿಕೊಂಡು ಭಾವಮೈದುನನ ಹತ್ತಿರ ಮದುವೆ ಮಾತುಕತೆ ಆಡುತ್ತಿದ್ದ. ಹಾರನ್ ಹೊಡೆದರೆ, ‘ಕಾಣಲ್ವಾ, ಮಾತಾಡ್ತಿದೀವಿ’ ಅಂದ. ಮತ್ತೊಬ್ಬ ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು, ಕತ್ತು ವಾರೆ ಮಾಡಿಕೊಂಡು, ಜೀಪಿಗೆ ಅಡ್ಡ ಬಂದ. ನಾನು ಬ್ರೇಕ್ ಹಾಕಿದೆ. ಅವನೂ ನನ್ನನ್ನೇ ಬೈದ, ನನ್ನ ಹಿಂದಿನವನೂ ನನ್ನನ್ನೇ ಬೈದ. ಇಡೀ ಪೇಟೆಯಲ್ಲಿ ಬ್ರೇಕ್ ಹಾಕಿದವನು ನಾನೊಬ್ಬನೇ, ಬೈಸಿಕೊಂಡವನೂ ನಾನೊಬ್ಬನೇ.”

ಗುರುಗಳು ಕೂರಲು ಕೈ ತೋರಿಸಿದರು. ಕರಿಬಸವ ನಿಂತೇ ಮುಂದುವರಿಸಿದ.

“ಅವರೆಲ್ಲ ನನಗಿಂತ ಮೊದಲು ಮನೆ ಮುಟ್ಟಿದರು ಬುದ್ಧಿ. ಉಂಡು ಮಲಗಿದರು. ನಾನು ಮರುಳಯ್ಯನ ಹತ್ತಿರ ಅನ್ನಿಸಿಕೊಂಡೆ. ನಾಳೆಯಿಂದ ನಾನೂ ನುಗ್ಗುತ್ತೇನೆ. ಅಪ್ಪಣೆ ಕೊಡಿ. ಇಲ್ಲವಾದರೆ ಸಾಲಿನಲ್ಲಿ ನಿಂತವನಿಗೆ ಏನು ಸಿಗುತ್ತದೆ ಅನ್ನುವುದನ್ನಾದರೂ ಹೇಳಿ.”

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. ಒಂದು ಕತೆ ಹೇಳಿದರು.

ಒಂದು ರಸ್ತೆ. ಅದಕ್ಕೆ ಅಡ್ಡವಾಗಿ ರೈಲು ಹಳಿ. ರಸ್ತೆಗೆ ಹಳಿಯ ಈಚೆ ಒಂದು ಗೇಟು, ಆಚೆ ಒಂದು ಗೇಟು. ಈಚೆ ಗೇಟಿನ ಬಲಕ್ಕೆ ಗೇಟ್‌ಮನ್‌ನ ಕೋಣೆ, ಅದರ ಮಗ್ಗುಲಲ್ಲಿ ಅವನು ಬೆಳೆಸಿದ್ದ ಬದನೆ ಪಾತಿ. ಗೇಟು ದಾಟಿ ಒಂದು ಮೈಲಿ ಹೋದರೆ ಸ್ಟೇಷನ್ನು.

ಒಬ್ಬ ರೈತ ಬೈಕಿನಲ್ಲಿ ಮಗಳನ್ನು ಹಿಂದೆ ಕೂರಿಸಿಕೊಂಡು ಸ್ಟೇಷನ್ನಿಗೆ ಹೊರಟಿದ್ದ. ಮಗಳಿಗೆ ನಗರದ ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಆ ದಿನ ಸಂಜೆ ಐದರೊಳಗೆ ಅವಳು ಖುದ್ದಾಗಿ ಹಾಜರಾಗಬೇಕು. ಹಾಜರಾಗದಿದ್ದರೆ ಸೀಟು ಇನ್ನೊಬ್ಬಳಿಗೆ. ಹೊತ್ತಿಗೆ ಮುಟ್ಟಿಸುವ ರೈಲು ಒಂದೇ. ಅದು ತಪ್ಪಿದರೆ ಬಸ್ಸು, ಬಸ್ಸು ನಗರ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಹಿಂದಿನ ವರ್ಷ ಅವಳಿಗೆ ಸೀಟು ಸಿಕ್ಕಿರಲಿಲ್ಲ. ಮುಂದಿನ ವರ್ಷದವರೆಗೆ ಕಾಯಲು ಅವಳ ಅಜ್ಜಿ ಬಿಡುವಂತಿರಲಿಲ್ಲ. ಅಜ್ಜಿ ಆಗಲೇ ಒಂದು ಗಂಡು ನೋಡಿಟ್ಟಿದ್ದಳು.

ಅವರು ಬರುವಾಗ ಗೇಟು ಬಿದ್ದಿತ್ತು. ಗೂಡ್ಸ್ ರೈಲು ಬರುವುದಿತ್ತು. ಗೇಟಿನ ಮುಂದೆ ಒಂದು ಹುಲ್ಲಿನ ಲಾರಿ, ಅದರ ಹಿಂದೆ ಬಸ್ಸು, ಬಸ್ಸಿನ ಹಿಂದೆ ಕೆಲವು ಗಾಡಿಗಳು ನಿಂತಿದ್ದವು. ರೈತ ಎಡಕ್ಕೆ, ಎಲ್ಲರ ಹಿಂದೆ ನಿಂತ. ಎಂಜಿನ್ ಆರಿಸಿದ. ಹೊತ್ತು ಇನ್ನೂ ಇತ್ತು. ಗೂಡ್ಸ್ ಹೋಗಿ ಗೇಟು ತೆರೆದರೆ, ರೈಲಿಗೆ ಮೊದಲೇ ಸ್ಟೇಷನ್ ಸೇರಬಹುದಿತ್ತು.

ರಸ್ತೆಯ ಬಲ ಅರ್ಧ ಖಾಲಿ ಇತ್ತು. ಅದು ಎದುರಿನಿಂದ ಬರುವವರದು. ಗೇಟು ಬಿದ್ದಿದ್ದರಿಂದ ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಖಾಲಿ ರಸ್ತೆಯನ್ನು ಖಾಲಿ ಬಿಡುವುದೆಂದರೆ ನಮ್ಮ ಜನಕ್ಕೆ ಸಂಕಟ.

ಆಗ ಒಬ್ಬ ವರ್ತಕ ಬಿಳಿ ಕಾರಿನಲ್ಲಿ ಬಂದ. ಅವನೂ ಅದೇ ರೈಲಿಗೆ ಹೊರಟವನು. ಅವನು ಸಾಲನ್ನು ನೋಡಿದ. ಖಾಲಿ ಅರ್ಧವನ್ನು ನೋಡಿದ. ಸಾಲಿನಲ್ಲಿ ನಿಂತವರಿಗೆ ಕಣ್ಣು ಕಾಣುವುದಿಲ್ಲವೆಂದು ತೀರ್ಮಾನಿಸಿ, ಬಲಕ್ಕೆ ತಿರುಗಿಸಿ, ನೇರ ಹೋಗಿ ಗೇಟಿಗೆ ಮೂಗು ತಾಗಿಸಿ ನಿಂತ. ಅವನ ಹಿಂದೆ ಒಂದು ಜೀಪು ಹೋಯಿತು. ಜೀಪಿನ ಹಿಂದೆ ಎರಡು ಕಾರು ಹೋದವು. ಒಬ್ಬ ಹೋದಾಗ ಅದು ತಪ್ಪಾಗಿತ್ತು. ಇಷ್ಟು ಜನ ಹೋದ ಮೇಲೆ ಅದು ಇನ್ನೊಂದು ಸಾಲಾಯಿತು. ಉಳಿದ ಸಂದುಗಳನ್ನು ಬೈಕುಗಳು ತುಂಬಿದವು. ಕೆಲವರು ಬೈಕನ್ನು ವಾಲಿಸಿ, ತಾವೂ ಬಗ್ಗಿ, ಗೇಟಿನ ಕೆಳಗೆ ನುಸುಳಿ ಆಚೆ ಹೋದರು. ಗೇಟ್‌ಮನ್ ಅವರನ್ನು ಬೈದ. ಅವರು ನಕ್ಕರು. ಅದು ಅಲ್ಲಿ ದಿನವೂ ನಡೆಯುವ ಕುಶಲೋಪರಿ.

ಹಾರನ್ ಶುರುವಾಯಿತು. ಗೂಡ್ಸ್ ಇನ್ನೂ ಬಂದೇ ಇರಲಿಲ್ಲ. ಯಾರಿಗೆ ಹೊಡೆಯುತ್ತಿದ್ದೇವೆಂದು ಹೊಡೆದವರಿಗೂ ಗೊತ್ತಿರಲಿಲ್ಲ. ಮುಂದಿನವನು ಹೊಡೆದ, ಹಿಂದಿನವನು ಅದಕ್ಕೆ ಉತ್ತರ ಕೊಟ್ಟ.

ಮಗಳು ಬೈಕಿನ ಮೇಲಿಂದ ಕತ್ತು ಉದ್ದ ಮಾಡಿ ನೋಡಿದಳು.

“ಅಪ್ಪ, ಎಲ್ರೂ ಮುಂದಕ್ಕೆ ಹೋಗ್ತಾವ್ರೆ. ನೀನೂ ನುಗ್ಸು.”

“ಎಲ್ಲಿಗೆ ನುಗ್ಸಲವ್ವ? ಗೇಟು ಬಿದ್ದೈತೆ.”

“ಗೇಟಿನ ತಂಕ.”

“ಅಲ್ಲಿ ಹೋದ್ರೂ ನಿಂತ್ಕಬೇಕು ತಾನೆ? ಇಲ್ಲೇ ನಿಂತಿವ್ನಿ.”

“ಅಲ್ಲಿ ನಿಂತ್ಕಂಡೋರಿಗೆ ಗೇಟು ಕಾಣ್ತದೆ. ನಮಗೆ ಬಸ್ಸಿನ ಹಿಂಭಾಗ ಕಾಣ್ತದೆ,” ಎಂದಳು ಮಗಳು. ರೈತ ಬಸ್ಸಿನ ಕಡೆ ನೋಡಿದ. ಬಸ್ಸಿನ ಹಿಂಭಾಗದಲ್ಲಿ ‘ಅಂತರ ಕಾಯ್ದುಕೊಳ್ಳಿ’ ಎಂದು ಬರೆದಿತ್ತು. ಅದಕ್ಕೆ ಆತುಕೊಂಡು ಒಂದು ಆಟೋ ನಿಂತಿತ್ತು.

ಹಳಿಯ ಆಚೆ ಬದಿಯಲ್ಲಿದ್ದವರೂ ನಮ್ಮವರೇ. ಅವರೂ ಅವರ ಎಡವನ್ನು ತುಂಬಿದರು, ಬಲವನ್ನೂ ತುಂಬಿದರು. ಗೂಡ್ಸ್ ರೈಲು ನಿಧಾನವಾಗಿ ಬಂದು, ಎರಡು ಸೈನ್ಯಗಳ ನಡುವೆ ಹಾದು ಹೋಯಿತು. ಗೇಟ್‌ಮನ್ ಹಿಡಿಕೆ ತಿರುಗಿಸಿದ. ಗೇಟುಗಳು ಎದ್ದವು. ಅರ್ಧ ಏಳುವುದರೊಳಗೆ ಎರಡು ಕಡೆಯವರೂ ನುಗ್ಗಿದರು, ಹಳಿಯ ಮೇಲೆ ಸಂಧಿಸಿದರು, ನಿಂತರು.

ವರ್ತಕನ ಕಾರಿಗೆ ಎದುರಾಗಿ ಒಂದು ಟೆಂಪೋ ಬಂದಿತ್ತು. ಎರಡು ಗಾಡಿಗಳ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಟೆಂಪೋದವನ ಹಿಂದೆ ಅವನ ಊರೆಲ್ಲ ನಿಂತಿತ್ತು, ವರ್ತಕನ ಹಿಂದೆ ಇವನ ಊರೆಲ್ಲ. ಎಡ ಅರ್ಧದಲ್ಲೂ ಇದೇ ಸ್ಥಿತಿ. ಅಲ್ಲಿ ಆಚೆಯಿಂದ ನುಗ್ಗಿದ ಒಂದು ಆಟೋ ಹುಲ್ಲಿನ ಲಾರಿಗೆ ಎದೆ ಕೊಟ್ಟು ನಿಂತಿತ್ತು.

ವರ್ತಕ ಕಿಟಕಿ ಇಳಿಸಿ, “ಹಿಂದಕ್ಕೆ ತಗೊಳ್ಳಯ್ಯ,” ಎಂದ.

“ನೀವು ತಗೊಳ್ಳಿ ಸಾಮಿ. ಇದು ನನ್ನ ಸೈಡು,” ಎಂದ ಟೆಂಪೋದವನು.

“ಸೈಡು ಬರೆಸಿಕೊಂಡು ಬಂದಿದ್ದೀಯಾ? ನನಗೆ ರೈಲಿಗೆ ಹೊತ್ತಾಗ್ತಿದೆ.”

“ರೈಲಿಗೆ ಹೊತ್ತಾಗಿದ್ರೆ ರೈಲು ಹಳಿ ಮೇಲೆ ಯಾಕೆ ನಿಂತಿದ್ದೀರಿ?”

ಟೆಂಪೋದವನ ಮಾತು ನ್ಯಾಯವಾದದ್ದು. ಅವನು ತನ್ನ ಎಡದಲ್ಲೇ ಇದ್ದ. ಅವನು ಕೈ ಕಟ್ಟಿಕೊಂಡು, ಸೀಟಿಗೆ ಒರಗಿ, ನ್ಯಾಯವಾಗಿ ಕೂತ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಹೀಗೆ ಬಹಳ ಹೊತ್ತು ಹೋಯಿತು. ಇಳಿದು ಬಂದು ಸಲಹೆ ಕೊಟ್ಟವರು ಅನೇಕರು. ‘ಸ್ವಲ್ಪ ನೀನು ಹಿಂದೆ ಹೋಗು’ ಎಂದು ಎಲ್ಲರೂ ಎಲ್ಲರಿಗೂ ಹೇಳಿದರು. ತನ್ನ ಗಾಡಿಯನ್ನು ಹಿಂದೆ ತೆಗೆದವನು ಒಬ್ಬನೂ ಇಲ್ಲ. ತೆಗೆದರೆ ಆ ಜಾಗಕ್ಕೆ ಪಕ್ಕದವನು ನುಗ್ಗುತ್ತಾನೆಂದು ಪ್ರತಿಯೊಬ್ಬನಿಗೂ ಗೊತ್ತಿತ್ತು, ಏಕೆಂದರೆ ಪಕ್ಕದಲ್ಲಿದ್ದರೆ ತಾನೂ ನುಗ್ಗುತ್ತಿದ್ದ.

ಅಷ್ಟರಲ್ಲಿ ಗೇಟ್‌ಮನ್‌ನ ಕೋಣೆಯಲ್ಲಿ ಫೋನು ಬಡಿಯಿತು. ನಗರಕ್ಕೆ ಹೋಗುವ ರೈಲು ಸ್ಟೇಷನ್ ಬಿಟ್ಟು ಗೇಟಿನ ಕಡೆ ಬರುತ್ತಿತ್ತು. ಅವನು ಗೇಟು ಇಳಿಸಲು ಹೋದ. ಇಳಿಸಿದರೆ ಅದು ಕಾರುಗಳ ನೆತ್ತಿಯ ಮೇಲೆ ಬೀಳುತ್ತಿತ್ತು. ಗೇಟು ಪೂರ್ತಿ ಇಳಿದು ಬೀಗ ಬೀಳದೆ ಸಿಗ್ನಲ್ ಹಸಿರಾಗುವುದಿಲ್ಲ. ಸಿಗ್ನಲ್ ಕೆಂಪಾಗಿಯೇ ಉಳಿಯಿತು. ರೈಲು ಬಂದು ಗೇಟಿಗೆ ಸ್ವಲ್ಪ ದೂರದಲ್ಲಿ ನಿಂತು, ಉದ್ದಕ್ಕೆ ಕೂಗಿತು.

ಇಲ್ಲಿ ಕರಿಬಸವ ನಡುವೆ ಬಾಯಿ ಹಾಕಿದ. ಅವನ ಮುಖದಲ್ಲಿ ಬೆಳಿಗ್ಗೆಯಿಂದ ಇಲ್ಲದ ಸಮಾಧಾನ ಕಂಡಿತು. “ವರ್ತಕನಿಗೆ ರೈಲು ತಪ್ಪಿತು, ಅಲ್ಲವೇ ಬುದ್ಧಿ?”

“ಇಲ್ಲ. ಸಿಕ್ಕಿತು,” ಎಂದು ಗುರುಗಳು ಕತೆ ಮುಂದುವರಿಸಿದರು.

ವರ್ತಕ ರೈಲನ್ನು ನೋಡಿದ. ತಾನು ಹಿಡಿಯಬೇಕಾದ ರೈಲು ತಾನಿದ್ದಲ್ಲಿಗೇ ಬಂದು ನಿಂತಿದೆ. ಸ್ಟೇಷನ್ನಿಗೆ ಹೋಗಿದ್ದರೂ ಕಾರನ್ನು ಹೊರಗೆ ನಿಲ್ಲಿಸಬೇಕಿತ್ತು. ಇಲ್ಲಿಯೂ ಅದು ನಿಂತೇ ಇದೆ. ಅವನು ಇಳಿದ. ಕಾರಿಗೆ ಬೀಗ ಹಾಕಿದ. ಬಾಗಿಲು ಎಳೆದು ನೋಡಿ ಖಾತ್ರಿ ಮಾಡಿಕೊಂಡ. ಚೀಲ ಹಿಡಿದು ಹಳಿಯ ಪಕ್ಕದಲ್ಲಿ ನಡೆದು ಹೋಗಿ ರೈಲು ಹತ್ತಿದ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು.

ಕಾರು ಹಳಿಯ ಮೇಲೆ ಉಳಿಯಿತು.

ಟೆಂಪೋದವನು ಇದನ್ನು ನೋಡಲಿಲ್ಲ. ಅವನು ಕಣ್ಣು ಮುಚ್ಚಿ ಕೂತಿದ್ದ. ಕಣ್ಣು ತೆರೆದಾಗ ಎದುರಿಗೆ ಕಾರು ಹಾಗೆಯೇ ಇತ್ತು. ಹಾರನ್ ಹೊಡೆದ. ಕಾರು ಅಲುಗಲಿಲ್ಲ. ಮತ್ತೆ ಹೊಡೆದ. ಗೇಟ್‌ಮನ್ ಬಂದು, “ಅದ್ರೊಳಗೆ ಯಾರೂ ಇಲ್ಲ ಮಾರಾಯ. ನೀನೇ ಚೂರು ಹಿಂದಕ್ಕೆ ಹೋಗು,” ಎಂದ.

“ಅವನು ಮೊದಲು ಹೋಗಲಿ.”

“ಅವನು ರೈಲಲ್ಲಿ ಕೂತವ್ನೆ.”

“ಎಲ್ಲಾದ್ರೂ ಕೂತಿರಲಿ. ಮೊದಲು ಅವನದು ಹೋಗಲಿ,” ಎಂದು ಟೆಂಪೋದವನು ಖಾಲಿ ಕಾರಿಗೆ ಇನ್ನೊಮ್ಮೆ ಹಾರನ್ ಹೊಡೆದ.

ರೈಲು ಗೇಟಿನಲ್ಲೇ ನಿಂತಿದೆ ಎಂಬ ಸುದ್ದಿ ಸಾಲಿನ ಕೊನೆಗೂ ಬಂತು. ರೈತ ಬೈಕನ್ನು ರಸ್ತೆಯಿಂದ ಕೆಳಗಿಳಿಸಿ ಒಂದು ಹೊಂಗೆ ಮರದ ಬುಡದಲ್ಲಿ ನಿಲ್ಲಿಸಿದ. ಮಗಳ ಚೀಲ ತಾನೇ ಹೊತ್ತ. ಇಬ್ಬರೂ ಗಾಡಿಗಳ ಸಂದಿನಲ್ಲಿ ತೂರಿ, ಹಳಿಯ ಪಕ್ಕದಲ್ಲಿ ಓಡಿ ರೈಲು ಸೇರಿದರು. ಪ್ಲಾಟ್‌ಫಾರಂ ಇಲ್ಲದ ಕಡೆ ರೈಲಿನ ಮೆಟ್ಟಿಲು ಎದೆಯ ಎತ್ತರಕ್ಕಿರುತ್ತದೆ. ರೈತ ಮಗಳನ್ನು ಎತ್ತಿ ಹತ್ತಿಸಿದ, ಮೇಲಿದ್ದವರ ಕೈ ಹಿಡಿದು ತಾನೂ ಹತ್ತಿದ. ಅವಳಿಗೆ ಒಂದು ಸೀಟು ಹುಡುಕಿ ಕೂರಿಸಿ, ಪಕ್ಕದಲ್ಲಿ ನಿಂತ. ಅವಳ ಎದುರಿಗೆ, ಕಿಟಕಿಯ ಪಕ್ಕದಲ್ಲಿ, ವರ್ತಕ ಕೂತಿದ್ದ.

ರೈಲು ಹೊರಡಲಿಲ್ಲ.

ಬೋಗಿಯಲ್ಲಿ ಗೇಟಿನಿಂದ ಬಂದು ಹತ್ತಿದವರೇ ಹೆಚ್ಚು. ಎಲ್ಲರೂ ಗಡಿಯಾರ ನೋಡಿದರು. ಎಲ್ಲರಿಗೂ ಸಿಟ್ಟು ಬಂತು.

“ಯಾರೋ ಹಳಿ ಮೇಲೆ ಗಾಡಿ ಬಿಟ್ಟು ಹೋಗಿದ್ದಾರಂತೆ,” ಎಂದ ಒಬ್ಬ.

“ನಮ್ಮ ಜನಾನೇ ಇಷ್ಟು ನೋಡಿ,” ಎಂದ ವರ್ತಕ. “ಒಬ್ಬನಿಗೂ ಶಿಸ್ತಿಲ್ಲ. ನನ್ನ ಷಡ್ಕ ಸಿಂಗಪುರದಲ್ಲಿದ್ದಾನೆ. ಅಲ್ಲಿ ಹೀಗೆ ಮಾಡಿದ್ರೆ ಚರ್ಮ ಸುಲೀತಾರೆ.”

ಎಲ್ಲರೂ ಒಪ್ಪಿದರು. ಚರ್ಮ ಸುಲಿಯಬೇಕೆಂಬ ವಿಷಯದಲ್ಲಿ ಆ ಬೋಗಿಯಲ್ಲಿ ಎರಡು ಮಾತಿರಲಿಲ್ಲ. ರೈತನ ಮಗಳು ಮಾತ್ರ, “ಅಪ್ಪ, ಐದಕ್ಕೆ ಮುಟ್ತದಾ?” ಎಂದು ಕೇಳಿದಳು. “ಈಗ ಹೊರಟ್ರೆ ಮುಟ್ತದೆ,” ಎಂದ ರೈತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದಳು. ಅವನು ಅದೇ ಉತ್ತರ ಕೊಟ್ಟ, ಆದರೆ ಅವಳ ಮುಖ ನೋಡಲಿಲ್ಲ.

ಹೊರಗೆ ಗೇಟ್‌ಮನ್ ಸುಮ್ಮನಿರಲಿಲ್ಲ. ಅವನು ಕಾಡಿ ಬೇಡಿ ಹತ್ತಾರು ಜನರನ್ನು ಸೇರಿಸಿ, ಎಡ ಅರ್ಧದಲ್ಲಿದ್ದ ಆಟೋವನ್ನು ಅದರ ಡ್ರೈವರ್ ಸಮೇತ ಎತ್ತಿಸಿ ಪಕ್ಕಕ್ಕೆ ಇಡಿಸಿದ. ಡ್ರೈವರ್ ಇಳಿಯಲು ಒಪ್ಪಿರಲಿಲ್ಲ. ಹಳಿಯ ಮೇಲಿದ್ದ ಬೈಕುಗಳನ್ನೂ ಹಾಗೆಯೇ ಎತ್ತಿಸಿದ. ಲಾರಿಯವನು ತಾನಾಗಿಯೇ ಒಂದು ಗಜ ಹಿಂದೆ ಹೋದ. ಕೊನೆಗೆ ಉಳಿದದ್ದು ಬಿಳಿ ಕಾರು ಮತ್ತು ಅದಕ್ಕೆ ಮೂಗು ಕೊಟ್ಟು ನಿಂತ ಟೆಂಪೋ. ಕಾರು ಗೇರಿನಲ್ಲಿತ್ತು, ಬೀಗ ಹಾಕಿತ್ತು. ತಳ್ಳಿದರೆ ಜಗ್ಗಲಿಲ್ಲ. ಎತ್ತಿದರೆ ಏಳಲಿಲ್ಲ.

ಗೇಟ್‌ಮನ್ ಕೆಂಪು ಬಾವುಟ ಹಿಡಿದುಕೊಂಡು ರೈಲಿನ ಉದ್ದಕ್ಕೂ ಕೂಗುತ್ತಾ ಬಂದ. “ಬಿಳಿ ಕಾರು ಯಾರದ್ರೀ? ಗೇಟಲ್ಲಿರೋ ಬಿಳಿ ಕಾರು.”

ಬೋಗಿಯಲ್ಲಿ ಎಲ್ಲರೂ ಸುತ್ತ ನೋಡಿದರು. ವರ್ತಕನೂ ನೋಡಿದ.

ಗೇಟ್‌ಮನ್ ಕಿಟಕಿಯ ಕೆಳಗೆ ಬಂದು ನಿಂತ. “ಸಾಮಿ, ನೀವೇ ಅಲ್ವಾ ಟೆಂಪೋದವನ ಹತ್ರ ಜಗಳ ಆಡ್ತಿದ್ದೋರು?”

“ಹೌದಪ್ಪ, ನನ್ನದೇ,” ಎಂದ ವರ್ತಕ. “ಅದಕ್ಕೇನೀಗ? ತಪ್ಪು ಅವನದು. ಅವನು ಹಿಂದಕ್ಕೆ ಹೋಗಿದ್ರೆ ನಾನು ಸ್ಟೇಷನ್‌ನಲ್ಲೇ ರೈಲು ಹತ್ತಿರ್ತಿದ್ದೆ.”

“ಕಾರು ತೆಗೀರಿ. ತೆಗೆದ್ರೆ ರೈಲು ಹೊರಡ್ತದೆ.”

“ನಾನು ಇಳಿದು ಕಾರು ತೆಗೆದ್ರೆ ರೈಲು ಹೊರಟೇ ಹೋಗುತ್ತಲ್ಲಯ್ಯ. ಆಮೇಲೆ ನಾನು ಹತ್ತೋದು ಹೇಗೆ?”

ಬೋಗಿಯವರು ಯೋಚಿಸಿ ನೋಡಿದರು. ಅದೂ ನಿಜ. ಕಾರು ಹೋಗದೆ ರೈಲು ಹೋಗದು. ಕಾರು ತೆಗೆದವನು ರೈಲಿನಲ್ಲಿ ಇರಲಾರ. ಸ್ವಲ್ಪ ಹೊತ್ತಿನ ಕೆಳಗೆ ಚರ್ಮ ಸುಲಿಯಲು ಸಿದ್ಧರಾಗಿದ್ದವರು ಈಗ ವರ್ತಕನ ಕಷ್ಟವನ್ನು ಅರ್ಥ ಮಾಡಿಕೊಂಡರು. ಒಬ್ಬ, “ಪಾಪ, ಅವರಾದ್ರೂ ಏನು ಮಾಡ್ತಾರೆ?” ಎಂದ. ಇನ್ನೊಬ್ಬ ಗೇಟ್‌ಮನ್‌ಗೆ, “ನೀನೇ ತೆಗೆಯಯ್ಯ,” ಎಂದ. ಗೇಟ್‌ಮನ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಬರುತ್ತಿದ್ದವರು ಕಿಟಕಿಯ ಆಚೆ ಹೊಲವನ್ನು ನೋಡತೊಡಗಿದರು.

ರೈತ ಮಗಳ ಕಡೆ ನೋಡಿದ. ಆಮೇಲೆ ವರ್ತಕನ ಮುಂದೆ ಕೈ ಚಾಚಿದ. “ಕೀ ಕೊಡಿ ಸಾಮಿ. ನಾನು ತೆಗೀತೀನಿ.”

“ನೀನು ಏನು ಓಡಿಸ್ತೀಯ?”

“ಟ್ರ್ಯಾಕ್ಟರು.”

ವರ್ತಕ ಕೀಯನ್ನು ಮುಷ್ಟಿಯಲ್ಲಿ ಬಿಗಿ ಮಾಡಿದ. ರೈಲು ಇನ್ನೊಮ್ಮೆ ಕೂಗಿತು. ಅವನು ಕೀ ಕೊಟ್ಟ. “ಕ್ಲಚ್ಚು ಮೃದು ಇದೆ, ನೇಗಿಲು ಒತ್ತಿದ ಹಾಗೆ ಒತ್ತಬೇಡ. ಬಂಪರ್ ಮೊನ್ನೆ ಹಾಕಿಸಿದ್ದು, ಗೀಚಬಾರದು. ನೆರಳಲ್ಲಿ ನಿಲ್ಲಿಸು. ಆಮೇಲೆ ಕೀ ನನಗೆ ತಂದು ಕೊಡಬೇಕು. ಅವನ ಕೈಯಲ್ಲಿ ಬಿಟ್ಟು ಬರಬೇಡ,” ಎಂದು ಗೇಟ್‌ಮನ್‌ನನ್ನು ತೋರಿಸಿದ.

ಮಗಳು ಅಪ್ಪನ ತೋಳು ಹಿಡಿದುಕೊಂಡಳು. “ನೀನು ಯಾಕಪ್ಪ ಇಳೀಬೇಕು? ನಮ್ಮ ಬೈಕು ಮರದ ಕೆಳಗೈತೆ. ನಾವು ಯಾರಿಗೆ ಅಡ್ಡ ಬಂದಿವಿ?”

“ಯಾರಿಗೂ ಬಂದಿಲ್ಲ.”

“ಮತ್ತೆ?”

“ನಿನಗೆ ಐದಕ್ಕೆ ಮುಟ್ಟಬೇಕಲ್ಲವ್ವ. ನಾನು ಬಂದ್ರೆ ಬಂದೆ. ಬರದಿದ್ರೆ ಕೊನೆ ಸ್ಟೇಷನ್‌ನಲ್ಲಿ ಇಳ್ಕೊಂಡು ದಾರಿ ಕೇಳ್ಕೊಂಡು ಹೋಗು.”

“ಒಬ್ಬಳೇನಾ? ನಾನು ಯಾವತ್ತು ಹೋಗಿವ್ನಿ?”

“ಕೇಳಿದ್ರೆ ಹೇಳ್ತಾರೆ. ನಮ್ಮ ಜನ ದಾರಿ ಬಿಡಲ್ಲ. ಹೇಳ್ತಾರೆ,” ಎಂದು ರೈತ ಇಳಿದ. ಅವನು ನಿಂತಿದ್ದ ಜಾಗಕ್ಕೆ ಇನ್ನೊಬ್ಬ ಬಂದು ನಿಂತ.

ಕಾರನ್ನು ಹಿಂದೆ ತೆಗೆಯಲು ಹಿಂದಿನವರು ಒಂದು ಗಜ ಜಾಗ ಕೊಡಬೇಕಿತ್ತು. ಕಾರಿನ ಹಿಂದೆ ಬೈಕುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ರೈತ ಒಬ್ಬೊಬ್ಬನ ಹತ್ತಿರವೂ ಹೋಗಿ ಕೇಳಿದ. ಒಬ್ಬ ತನ್ನ ಹಿಂದಿನವನನ್ನು ಕೇಳು ಎಂದ. ಹಿಂದಿನವನು ಅವನ ಹಿಂದಿನವನನ್ನು ಕೇಳು ಎಂದ. ಒಬ್ಬ ಹುಡುಗ ಇಯರ್‌ಫೋನ್ ತೆಗೆದು, “ಏನಂದ್ರಿ?” ಎಂದು ಕೇಳಿ, ಮತ್ತೆ ಹಾಕಿಕೊಂಡ. ಇನ್ನೊಬ್ಬ, “ನೀನ್ಯಾರು ಹೇಳಕ್ಕೆ, ಪೊಲೀಸಾ?” ಎಂದ. ರೈತ ಕೊನೆಗೆ ಕೇಳುವುದನ್ನು ಬಿಟ್ಟು ಕಾರು ಹತ್ತಿ, ಎಂಜಿನ್ ಶುರು ಮಾಡಿ, ರಿವರ್ಸ್ ಹಾಕಿದ. ಹಿಂದಿನ ದೀಪ ಹತ್ತಿದ ಕೂಡಲೇ ಒಂದು ಗಜವಲ್ಲ, ಎರಡು ಗಜ ಜಾಗವಾಯಿತು. ಟ್ರ್ಯಾಕ್ಟರಿನವನು ಓಡಿಸುತ್ತಿದ್ದಾನೆಂದು ಯಾರೋ ಹೇಳಿದ್ದರು.

ಗೇಟ್‌ಮನ್ ಅವನಿಗೆ ಬದನೆ ಪಾತಿಯನ್ನು ತೋರಿಸಿದ. ಬೇರೆ ಜಾಗವಿರಲಿಲ್ಲ. ರೈತ ಕಾರಿನಿಂದ ತಲೆ ಹೊರಗೆ ಹಾಕಿ ಪಾತಿ ನೋಡಿದ. ಗಿಡಗಳು ಕಾಯಿ ಬಿಟ್ಟಿದ್ದವು.

“ಕಾಯಿ ಬಿಟ್ಟವಲ್ಲಪ್ಪ,” ಎಂದ.

“ನಂಗೂ ಕಾಣ್ತದೆ. ಹತ್ತಿಸು,” ಎಂದ ಗೇಟ್‌ಮನ್. ಅವನು ಆಗಲೇ ಹೋಗಿ ಗೇಟಿನ ಹಿಡಿಕೆ ಹಿಡಿದು ನಿಂತಿದ್ದ.

ಕಾರು ಹಿಂದಕ್ಕೆ ಬಂದು, ಬಲಕ್ಕೆ ಹೊರಳಿ, ಪಾತಿಯ ಮೇಲೆ ಹತ್ತಿತು. ಅದು ಹಳಿ ಬಿಟ್ಟ ಕ್ಷಣದಲ್ಲೇ, ಅಷ್ಟು ಹೊತ್ತು ಬಂಡೆಯಂತೆ ಕೂತಿದ್ದ ಟೆಂಪೋದವನು ಮುಂದಕ್ಕೆ ನುಗ್ಗಿದ. ತನ್ನ ಪಕ್ಷ ಗೆದ್ದಿತೆಂದು ಅವನಿಗೆ ಅನ್ನಿಸಿರಬೇಕು. ಹೋಗುವಾಗ ಪಾತಿಯಲ್ಲಿದ್ದ ರೈತನ ಕಡೆ ತಿರುಗಿ, “ರಾಂಗ್ ಸೈಡಲ್ಲಿ ಬಂದು ಜಂಬ ಬೇರೆ,” ಎಂದ. ಅವನು ಹಳಿ ದಾಟಿದ. ಅವನ ಹಿಂದಿನವನು ದಾಟುವುದರೊಳಗೆ ಗೇಟ್‌ಮನ್ ಹಿಡಿಕೆ ಬಿಟ್ಟ. ಎರಡು ಗೇಟುಗಳೂ ಬಿದ್ದವು. ಬೀಗ ಬಿತ್ತು. ಸಿಗ್ನಲ್ ಹಸಿರಾಯಿತು.

ರೈಲು ಹೊರಟಿತು.

ರೈತ ಕಾರಿಗೆ ಬೀಗ ಹಾಕಿ ಹಳಿಯ ಪಕ್ಕಕ್ಕೆ ಓಡಿ ಬಂದ. ಎಂಜಿನ್ ಅವನನ್ನು ದಾಟಿತು. ಒಂದು ಬೋಗಿ ದಾಟಿತು. ಅಷ್ಟರಲ್ಲಿ ರೈಲಿಗೆ ವೇಗ ಬಂದಿತ್ತು. ಮಗಳಿದ್ದ ಬೋಗಿ ಬಂದಾಗ ಅವನು ಅದರ ಜೊತೆಗೆ ಓಡಿದ. ಒಂದು ಕಿಟಕಿಯಲ್ಲಿ ಎರಡು ಕೈಗಳು ಹೊರಗಿದ್ದವು. ಒಂದು ಮಗಳದು. ಇನ್ನೊಂದು ವರ್ತಕನದು.

“ಅಪ್ಪ, ಬಾಗಿಲಿಗೆ ಬಾ, ಬಾಗಿಲಿಗೆ ಬಾ.”

“ಕೀ, ಕೀ, ಕೀ.”

ರೈತ ಕೀಯನ್ನು ವರ್ತಕನ ಕೈಗೆ ಇಟ್ಟ. ಆಮೇಲೆ ಬಾಗಿಲಿನ ಕಡೆ ಓಡಿದ. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಮೆಟ್ಟಿಲು ಎದೆಯ ಎತ್ತರಕ್ಕಿತ್ತು. ಮೇಲಿನವನೊಬ್ಬ ಕೈ ಕೊಟ್ಟ. ಬೆರಳು ತಾಗಿತು, ಹಿಡಿತ ಸಿಗಲಿಲ್ಲ. ರೈತ ನಿಂತ.

ಒಳಗೆ ಹುಡುಗಿ ಕಿಟಕಿಗೆ ಮುಖ ಒತ್ತಿಕೊಂಡಿದ್ದಳು. ವರ್ತಕ ಕೀಯನ್ನು ಚೀಲದಲ್ಲಿ ಹಾಕಿ ಜಿಪ್ ಎಳೆದ. ಪಕ್ಕದವನಿಗೆ ಹೇಳಿದ, “ನೋಡಿ, ಪಾಪ, ರೈಲು ತಪ್ಪಿಸ್ಕೊಂಡ. ಇದೇ ಇವರ ಹಣೆಬರಹ. ಸ್ವಲ್ಪ ಮುಂದೆ ನುಗ್ಗೋ ಬುದ್ಧಿ ಇರಬೇಕು ರೀ.” ಆಮೇಲೆ ಹುಡುಗಿಯ ಕಡೆ ತಿರುಗಿ, “ಎಲ್ಲಿಗೆ ಹೋಗಬೇಕಮ್ಮ?” ಎಂದು ಕೇಳಿದ. ಅವಳು ಹೇಳಿದಳು. ಅವನು ಸ್ಟೇಷನ್ನಿನಿಂದ ನರ್ಸಿಂಗ್ ಶಾಲೆಗೆ ಯಾವ ನಂಬರಿನ ಬಸ್ಸು, ಎಲ್ಲಿ ಇಳಿಯಬೇಕು, ಇಳಿದು ಯಾವ ಕಡೆ ತಿರುಗಬೇಕು ಎಂದು ವಿವರವಾಗಿ, ಪ್ರೀತಿಯಿಂದ ಹೇಳಿಕೊಟ್ಟ.

ಇತ್ತ ಗೇಟ್‌ಮನ್ ಗಡಿಯಾರ ನೋಡಿ, “ನಾಲ್ಕೂಕಾಲಿಗೆಲ್ಲ ಮುಟ್ತದೆ, ಯೋಚನೆ ಮಾಡಬೇಡ,” ಎಂದು ರೈತನಿಗೆ ಹೇಳಿ, ಗೇಟು ಎತ್ತಿದ. ಅರ್ಧ ಏಳುವುದರೊಳಗೆ ಎರಡು ಕಡೆಯವರೂ ಎರಡು ಅರ್ಧಗಳಿಂದಲೂ ನುಗ್ಗಿ, ಹಳಿಯ ಮೇಲೆ ಸಂಧಿಸಿ, ನಿಂತರು. ರೈತ ಅವರ ಸಂದಿನಲ್ಲಿ ತೂರಿಕೊಂಡು ತನ್ನ ಬೈಕಿನ ಕಡೆ ನಡೆದ.

ಗುರುಗಳು ಕತೆ ನಿಲ್ಲಿಸಿ, ಮಗುಚಿಟ್ಟ ಪುಸ್ತಕವನ್ನು ಎತ್ತಿಕೊಂಡರು.

ಕರಿಬಸವ ಇನ್ನೂ ಏನೋ ಇದೆಯೆಂದು ಕಾದ. ಇರಲಿಲ್ಲ.

“ವರ್ತಕನಿಗೆ ಏನೂ ಆಗಲಿಲ್ಲವೇ ಬುದ್ಧಿ?”

“ಏನಾಗಬೇಕಿತ್ತು? ಸುಖವಾಗಿ ಹೋಗಿ ಬಂದ. ಬಂದು, ಬಂಪರ್‌ಗೆ ಬದನೆ ಸೊಪ್ಪು ಮೆತ್ತಿದೆಯೆಂದು ಗೇಟ್‌ಮನ್‌ನನ್ನು ಬೈದ.”

ಕರಿಬಸವನಿಗೆ ಮೈ ಉರಿಯಿತು. ಬೆಳಿಗ್ಗೆ ಪೇಟೆಯಲ್ಲಿ ಉರಿದದ್ದಕ್ಕಿಂತ ಹೆಚ್ಚು ಉರಿಯಿತು. “ಹಾಗಾದರೆ ನಾನು ಕೇಳಿದ್ದಕ್ಕೆ ಉತ್ತರವೆಲ್ಲಿ? ಸಾಲಿನಲ್ಲಿ ನಿಂತವನು ಅವನು. ಅಡ್ಡ ಬಂದವನ ಕಾರು ತೆಗೆದವನು ಅವನು. ಬೈಸಿಕೊಂಡವನೂ ಅವನೇ, ಉಳಿದು ಹೋದವನೂ ಅವನೇ. ಆ ರೈತನಿಗೆ ಸಿಕ್ಕಿದ್ದಾದರೂ ಏನು?”

ಗುರುಗಳು ಪುಸ್ತಕದಿಂದ ತಲೆಯೆತ್ತದೆ ಇಷ್ಟೇ ಹೇಳಿದರು:

“ರೈಲು ಹೊರಟಿತಲ್ಲಪ್ಪ.”